ಅಂಗಡಿಯಲ್ಲಿ ಬೆಳಗಿ ಮನೆಯಲ್ಲಿ ಆರಿದ ಪರದೆ

ನನ್ನ ಸೋದರಮಾವನ ಮನೆಯಲ್ಲಿ ಬತ್ತಲೆ ಮೊಳೆ ಒಂದೂ ಸಿಗುವುದಿಲ್ಲ. ಕ್ಯಾಲೆಂಡರ್ ತೂಗುವ ಮೊಳೆಯ ತಲೆಗೆ ರಬ್ಬರಿನ ಟೋಪಿ, ಬಾಗಿಲ ಚಿಲಕದ ತುದಿಗೆ ಕಪ್ಪು ಟೇಪು, ಕತ್ತರಿಯ ಹಿಡಿಗೆ ಸೈಕಲ್ ಟ್ಯೂಬಿನ ತುಂಡು, ಟಿವಿಯ ರಿಮೋಟಿಗೆ ಪ್ಲಾಸ್ಟಿಕ್ ಚೀಲ. ಮಂಚದ ಕಬ್ಬಿಣದ ಮೂಲೆಗಳಿಗೆ ಹಳೆಯ ಬನಿಯನ್ನಿನ ಬಟ್ಟೆ ಸುತ್ತಿ ದಾರ ಬಿಗಿದಿದ್ದಾರೆ. "ನನಗೂ ಒಂದು ಕವರ್ ಹಾಕಿಬಿಡಿ, ಧೂಳು ಕೂರಲ್ಲ" ಎಂದು ಅತ್ತೆ ಆಗಾಗ ಹೇಳುತ್ತಾರೆ. ಮಾವ ಅದನ್ನು ತಮಾಷೆ ಎಂದು ತಿಳಿಯುವವರಲ್ಲ. ಒಮ್ಮೆ ಚಳಿ ದಿನದಲ್ಲಿ ಹಾಗೆ ಹೇಳಿದ್ದಕ್ಕೆ ಎದ್ದು ಹೋಗಿ ಕಂಬಳಿ ತಂದು ಹೊದಿಸಿದರಂತೆ.

ಮಾವನ ಕಸುಬು ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವುದು. ನೀರೆತ್ತುವ ಪಂಪು, ಹಿಟ್ಟಿನ ಗಿರಣಿಯ ಮೋಟರು, ಫ್ಯಾನು, ಮಿಕ್ಸಿ, ಏನೇ ಸುಟ್ಟರೂ ಬೀದಿಯವರು ಅವರ ಬಾಗಿಲಿಗೆ ತರುತ್ತಾರೆ. ಮನೆಯ ಮುಂಗೋಣೆಯೇ ಅವರ ಕಾರ್ಖಾನೆ. ಸುಟ್ಟ ಸುರುಳಿಯನ್ನು ಕಿತ್ತು, ಅಷ್ಟೇ ದಪ್ಪದ ತಾಮ್ರದ ತಂತಿಯನ್ನು ಅಷ್ಟೇ ಸುತ್ತು ಸುತ್ತಿ, ಸಂದುಗಳಿಗೆ ಗಟ್ಟಿ ಕಾಗದ ತುರುಕಿ, ಕೊನೆಗೆ ಕುಂಚದಿಂದ ವಾರ್ನಿಷ್ ಕುಡಿಸಿ, ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಇಡುತ್ತಾರೆ. ಬತ್ತಲೆ ತಾಮ್ರವೆಂದರೆ ಬಾಯಿ ಬಿಟ್ಟುಕೊಂಡು ಮಲಗಿರುವ ಹಾವು ಎಂದು ಅವರಿಗೆ ಕೆಲಸ ಕಲಿಸಿದ ಗುರು ಹೇಳಿದ್ದನಂತೆ. ತಂತಿಗೆ ತಂತಿ ತಾಗಿದರೆ ಕಿಡಿ, ಕಿಡಿ ಬಿದ್ದರೆ ಮೋಟರು ಬೂದಿ. ಮಾವನಿಗೆ ಮೀಸೆ ತಿರುವುವ ಅಭ್ಯಾಸವಿಲ್ಲ. ಜಂಬ ಎಂದು ಇದ್ದರೆ ಅದು ಒಂದೇ: ಅವರ ಕೈಯಿಂದ ಹೋದ ಯಂತ್ರ ಮತ್ತೆ ಅವರ ಬಾಗಿಲಿಗೆ ಬರುವುದಿಲ್ಲ.

ಹಳ್ಳಿಯಿಂದ ಕಾಲೇಜಿಗೆ ಬಂದಾಗ ನಾನು ಇದ್ದದ್ದು ಅವರ ಮನೆಯಲ್ಲೇ. ಮೊದಮೊದಲು ವಾರ್ನಿಷ್ ವಾಸನೆಗೆ ತಲೆ ತಿರುಗುತ್ತಿತ್ತು. ಆಮೇಲೆ ಮೂಗು ಒಗ್ಗಿಕೊಂಡಿತು. ರಜೆಗೆ ಊರಿಗೆ ಹೋದರೆ ಅಮ್ಮ ನನ್ನ ಬಟ್ಟೆ ಮೂಸಿ, "ಅಣ್ಣನ ಮನೆ ವಾಸನೆ" ಎಂದು ಒಗೆಯುವ ಮೊದಲು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಳ್ಳುತ್ತಿದ್ದಳು. ನನಗೆ ಮಾತ್ರ ಯಾವ ವಾಸನೆಯೂ ಬರುತ್ತಿರಲಿಲ್ಲ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಓದಿದ್ದು ಸಸ್ಯಶಾಸ್ತ್ರ, ಈಗಿನ ಕೆಲಸ ಒಂದು ಸಸಿತೋಟದಲ್ಲಿ. ಫಲಿತಾಂಶ ಬಂದ ದಿನದಿಂದ ಮಾವ ನನ್ನನ್ನು ಹೆಸರು ಹಿಡಿದು ಕರೆದಿಲ್ಲ, "ಡಿಗ್ರಿ" ಎನ್ನುತ್ತಾರೆ. ನಲ್ಲಿ ಸೋರಿದರೂ, ಬ್ಯಾಂಕಿನ ಕಾಗದ ಬಂದರೂ, ಬೆಕ್ಕಿಗೆ ಜ್ವರ ಬಂದರೂ "ಡಿಗ್ರೀನ ಕರೀರಿ."

ಮಾವನಿಗೆ ಒಬ್ಬಳೇ ಮಗಳು. ನನಗಿಂತ ದೊಡ್ಡವಳು, ಹಾಗಾಗಿ ನನಗೆ ಅಕ್ಕ. ಒಬ್ಬ ಇಂಜಿನಿಯರರ ಕಚೇರಿಯಲ್ಲಿ ಮನೆಗಳ ನಕ್ಷೆ ಬರೆಯುತ್ತಾಳೆ. ಅಲ್ಲಿನ ಕಿಟಕಿ ಪಕ್ಕದ ಮೇಜು ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಹಾಳೆ ಮಡಚಿಕೊಡುವ ಕೆಲಸಕ್ಕೆ ಸೇರಿ, ನೋಡಿ ನೋಡಿ ಕಲಿತು ಪಡೆದದ್ದು. ಭಾವ ದೂರದ ಬಂದರಿನಲ್ಲಿ ಸರಕು ಇಳಿಸುವ ಕಂಪನಿಯಲ್ಲಿದ್ದಾರೆ. ಮಗು ಹುಟ್ಟಿದ ಮೇಲೆ ಅಕ್ಕ ತವರಿನಲ್ಲೇ ಇದ್ದಳು. ರಜೆ ಮುಗಿಯುತ್ತಾ ಬಂದಾಗ ಇಂಜಿನಿಯರರು ಒಳ್ಳೆಯ ಮಾತನ್ನೇ ಆಡಿದರು. ಮನೆಯಿಂದಲೇ ಬರೆದು ಕಳಿಸಲಿ, ಆದರೆ ಮುಂದಿನ ಸೋಮವಾರದಿಂದ ಶುರುವಾಗಲೇಬೇಕು, ಒಪ್ಪಿಕೊಂಡ ಕೆಲಸಗಳು ನಿಂತಿವೆ, ಆಗದಿದ್ದರೆ ಬೇರೆಯವರನ್ನು ಆ ಜಾಗಕ್ಕೆ ಕೂರಿಸುತ್ತೇನೆ ಎಂದರು.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ.

"ಕೂಡಿಸಿಟ್ಟದ್ದೇ ಒಂದು ತಂದುಬಿಡೋಣ ಅಪ್ಪಾ" ಎಂದಳಂತೆ ಅಕ್ಕ.

"ಮೋಟರ್ ಕೂಡಿಸೋನ ಮಗಳು ಕೂಡಿಸಿಟ್ಟದ್ದು ತರ್ತಾಳಾ? ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ? ಬಿಡಿಭಾಗ ತಂದು ನಾನೇ ಕೂಡಿಸಿಕೊಡ್ತೀನಿ. ಒಂದೊಂದು ತಿರುಪೂ ನನ್ನ ಕೈಯಲ್ಲಿ ಬಿಗಿದಿದ್ದಾಗಿರುತ್ತೆ."

ಹಾಗೆ ಅಂದವರು ಕೆಲಸದ ನಡುವೆ ಬಿಡುವು ಮಾಡಿಕೊಂಡು ಫೋನಿನಲ್ಲಿ ಯಾರು ಯಾರೋ ಕಂಪ್ಯೂಟರ್ ಜೋಡಿಸುವುದನ್ನು ನೋಡಿದರು. ಭಾಷೆ ಅರ್ಥವಾಗದಿದ್ದರೂ ಕೈ ಅರ್ಥವಾಗುತ್ತದೆ ಎನ್ನುವುದು ಅವರ ವಾದ. ನೋಡುತ್ತಾ ನೋಡುತ್ತಾ ದಿನಗಳು ಕಳೆದವು. ಕೊನೆಗೂ ಭಾಗಗಳು ಬಂದವು, ಪೆಟ್ಟಿಗೆಯಲ್ಲಿ ಕೂತವು. ಶನಿವಾರ ಬೆಳಿಗ್ಗೆ ನನಗೆ ಅತ್ತೆಯ ಫೋನು ಬಂತು.

"ಬೇಗ ಬಾರೇ. ನಿಮ್ಮ ಮಾವ ಕಂಪ್ಯೂಟರ್ ಮಾಡೋಕೆ ಹೋಗಿ ಫ್ಯಾನ್ ಮಾಡಿದ್ದಾರೆ."

ಹೋಗಿ ನೋಡಿದರೆ ಅತ್ತೆ ಹೇಳಿದ್ದರಲ್ಲಿ ಒಂದು ಅಕ್ಷರವೂ ಹೆಚ್ಚಿರಲಿಲ್ಲ. ಅಕ್ಕನ ಕೋಣೆಯ ಮೇಜಿನ ಮೇಲೆ ಪೆಟ್ಟಿಗೆ ಪಕ್ಕ ತೆರೆದುಕೊಂಡು ನಿಂತಿತ್ತು. ಮಾವ ಗುಂಡಿ ಒತ್ತಿದರು. ಒಳಗಿನ ಫ್ಯಾನು ಗರ‍್ರನೆ ತಿರುಗಿತು, ಹಸಿರು ದೀಪ ಹೊತ್ತಿತು. ಮಾನಿಟರಿನಲ್ಲಿ ಮಾತ್ರ "ನೋ ಸಿಗ್ನಲ್" ಎಂಬ ಅಕ್ಷರಗಳು ಒಂದು ಕ್ಷಣ ತೇಲಿ, ಮತ್ತೆ ಕತ್ತಲು.

"ನೋಡು" ಎಂದರು ಮಾವ. "ಜೀವ ಇದೆ. ಉಸಿರಾಡ್ತಿದೆ. ಕಣ್ಣು ಮಾತ್ರ ಬಿಡ್ತಿಲ್ಲ."

"ಮಾವ, ನಾನು ಓದಿದ್ದು ಗಿಡಮರದ ವಿಷಯ."

"ಡಿಗ್ರಿ ಅಂದ್ರೆ ಡಿಗ್ರಿ. ನೋಡು."

ನೋಡಿದೆ. ಒಳಗೆ ಅಗಲವಾದ ಹಸಿರು ಹಲಗೆ, ಅದರ ತುಂಬ ಎಲೆಯ ನರಗಳಂತೆ ಹರಡಿದ ಗೆರೆಗಳು. ತಂತಿಗಳನ್ನು ಮಾವ ಎಷ್ಟು ನೀಟಾಗಿ ಕಟ್ಟಿದ್ದರೆಂದರೆ, ಕೈ ಹಾಕಲು ಸಂಕೋಚವಾಯಿತು. ನನಗೆ ತಿಳಿದದ್ದು ಮಾನಿಟರಿನ ಕೇಬಲ್ ಕಿತ್ತು ಮತ್ತೆ ಚುಚ್ಚುವುದೊಂದೇ. ಚುಚ್ಚಿದೆ. ಕತ್ತಲೇ. ಮಾನಿಟರನ್ನೂ ಕೇಬಲ್ಲನ್ನೂ ಪಕ್ಕದ ಮನೆಗೆ ಹೊತ್ತುಕೊಂಡು ಹೋಗಿ ಅವರ ಕಂಪ್ಯೂಟರಿಗೆ ಸಿಕ್ಕಿಸಿದೆವು. ಥಟ್ಟನೆ ಚಿತ್ರ ಬಂತು. ಅಲ್ಲಿಗೆ ಆ ಎರಡೂ ನಿರಪರಾಧಿಗಳು ಎಂದಾಯಿತು. ತಪ್ಪು ಪೆಟ್ಟಿಗೆಯ ಒಳಗೇ ಇದೆ, ಆದರೆ ಎಲ್ಲಿ?

ಭಾಗಗಳನ್ನು ಕೊಟ್ಟ ಅಂಗಡಿಯವನಿಗೆ ಫೋನು ಮಾಡಿದೆವು.

"ಮೆಮೊರಿ ಕಡ್ಡಿ ತೆಗೆದು ಮತ್ತೆ ಒತ್ತಿ ಹಾಕಿ ಯಜಮಾನ್ರೇ. ಟಕ್ ಅನ್ನಬೇಕು. ನೂರಕ್ಕೆ ತೊಂಬತ್ತು ಸಲ ಅದೇ ಕಾರಣ."

ಮೆಮೊರಿ ಕಡ್ಡಿ ಎಂದರೆ ಬೆರಳುದ್ದದ ಹಸಿರು ಪಟ್ಟಿ. ಅದರ ಒಂದು ಅಂಚಿನಲ್ಲಿ ಬಂಗಾರದ ಬಣ್ಣದ ಸಣ್ಣ ಹಲ್ಲುಗಳು ಸಾಲಾಗಿರುತ್ತವೆ. ಹಲಗೆಯ ಮೇಲೆ ಉದ್ದನೆಯ ಸೀಳಿನಂಥ ಬಾಯಿ ಇದೆ. ಆ ಹಲ್ಲುಗಳು ಅದರೊಳಗೆ ಕೂರಬೇಕು. ಮಾವ ಕಿತ್ತು ಮತ್ತೆ ಒತ್ತಿದರು. ಟಕ್ ಎಂದಿತು. ಗುಂಡಿ ಒತ್ತಿದರು. ಗರ‍್ರ್. ಕತ್ತಲು.

"ಟಕ್ ಅಂತೇನ್ರೀ?" ಎಂದು ಫೋನಿನಲ್ಲಿ ಕೇಳಿದ ಅವನು.

"ಟಕ್ ಅಂತು, ಟಿಕ್ ಅಂತು, ಎಲ್ಲಾ ಅಂತು" ಎಂದರು ಅತ್ತೆ ಹಿಂದಿನಿಂದ. "ಚಿತ್ರ ಬರಲಿಲ್ಲ ಅಷ್ಟೇ."

ಅಂಗಡಿಗೇ ಒಯ್ಯುವುದೆಂದು ತೀರ್ಮಾನವಾಯಿತು. ಮಾವ ಸ್ಕೂಟರು ಓಡಿಸಿದರು. ನಾನು ಹಿಂದೆ ಕೂತು, ಬೆಡ್‌ಶೀಟಿನಲ್ಲಿ ಸುತ್ತಿದ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಪ್ಪಿ ಹಿಡಿದಿದ್ದೆ. ರಸ್ತೆಯ ಪ್ರತಿ ಗುಂಡಿಯಲ್ಲೂ ಮಾವ, "ಕತ್ತು ಹಿಡ್ಕೋ, ಕತ್ತು ಹಿಡ್ಕೋ" ಎನ್ನುತ್ತಿದ್ದರು. ಯಾರದ್ದೋ ಎಳೆ ಮಗುವನ್ನು ಆಸ್ಪತ್ರೆಗೆ ಒಯ್ಯುತ್ತಿದ್ದೇವೆ ಎಂದು ದಾರಿಯಲ್ಲಿ ಹೋಗುವವರು ಎಣಿಸಿರಬೇಕು.

ಅಂಗಡಿ ಉದ್ದನೆಯ ಓಣಿಯಂತಿತ್ತು. ಎರಡೂ ಪಕ್ಕ ಖಾಲಿ ಡಬ್ಬಗಳ ಗೋಡೆ, ಕೊನೆಯಲ್ಲಿ ಮೇಜು, ಮೇಜಿನ ಪಕ್ಕ ನಿಧಾನಕ್ಕೆ ನರಳುತ್ತಾ ತಿರುಗುವ ನಿಲುಫ್ಯಾನು. ಅಂಗಡಿಯವನು ನಮ್ಮ ಪೆಟ್ಟಿಗೆಯನ್ನು ತನ್ನ ಮಾನಿಟರಿಗೆ ಸಿಕ್ಕಿಸಿದ. ಕತ್ತಲು. ನಮ್ಮ ಮೆಮೊರಿ ಕಡ್ಡಿಯನ್ನು ಕಿತ್ತು ಪಕ್ಕಕ್ಕಿಟ್ಟು, ತನ್ನ ಡ್ರಾಯರಿನಿಂದ ಇನ್ನೊಂದನ್ನು ತೆಗೆದು ಒತ್ತಿದ. ಪರದೆ ಬೆಳಗಿತು. ಬಿಳಿ ಅಕ್ಷರಗಳು ಸಾಲು ಸಾಲಾಗಿ ಮೂಡಿದವು.

"ಕಡ್ಡಿ ಸತ್ತಿದೆ ಯಜಮಾನ್ರೇ. ಹುಟ್ಟುವಾಗಲೇ ಸತ್ತಿರುತ್ತೆ ಒಂದೊಂದು. ಕಂಪನಿಗೆ ವಾಪಸ್ ಕಳಿಸ್ತೀನಿ, ನೀವು ಹೊಸದು ತಗೊಂಡು ಹೋಗಿ." ಸತ್ತದ್ದನ್ನು ನೋಡದೆಯೇ ಹಿಂದಿನ ರಟ್ಟಿನ ಡಬ್ಬಕ್ಕೆ ಎಸೆದ. ಹೊಸದನ್ನು ಹಾಕಿದ. ಅದಕ್ಕೂ ಪರದೆ ಬೆಳಗಿತು.

ಮಾವ ಬಗ್ಗಿ ಪರದೆಯನ್ನು ನೋಡಿದರು. "ಹಾಗಾದ್ರೆ ನಾನು ಕೂಡಿಸಿದ್ದರಲ್ಲಿ ತಪ್ಪಿಲ್ಲ?"

"ತಪ್ಪಾ? ನಾನು ನಿಮ್ಮ ಹತ್ರ ಕಲೀಬೇಕು. ತಂತಿಗೆಲ್ಲಾ ಜಡೆ ಹಾಕಿದ್ದೀರಲ್ಲ!"

ಹೊರಡುವಾಗ ಮಾವ ಹೊಸ ಕಡ್ಡಿಯನ್ನು ಮೆಲ್ಲಗೆ ಕಿತ್ತು, ಅದರ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡರು. ರಸ್ತೆಯ ಕುಲುಕಾಟಕ್ಕೆ ಸಡಿಲವಾದೀತು ಎಂಬ ಮುಂಜಾಗ್ರತೆ. ದಾರಿಯುದ್ದಕ್ಕೂ ಅವರು ಖುಷಿಯಿಂದ ಹಾರ್ನ್ ಹೊಡೆದರು, ಎದುರಿಗೆ ಯಾರೂ ಇಲ್ಲದಿದ್ದರೂ.

ಮನೆಗೆ ಬಂದಾಗ ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. "ಬಂತಾ?" ಎಂದಳು. "ಬಂತು!" ಎಂದೆವು ಇಬ್ಬರೂ ಒಟ್ಟಿಗೆ. ಅವಳು ಮೇಜಿನ ಮೇಲೆ ತನ್ನ ಅಳತೆಪಟ್ಟಿ, ಪೆನ್ಸಿಲು, ರಬ್ಬರುಗಳನ್ನು ಆಗಲೇ ಜೋಡಿಸಿಟ್ಟಿದ್ದಳು. ಕಂಪ್ಯೂಟರಿನಲ್ಲಿ ಬರೆಯುವವಳಿಗೆ ಪೆನ್ಸಿಲು ಏಕೆಂದು ಅತ್ತೆ ಕೇಳಿದರೆ, ಮೊದಲು ಕೈ ಯೋಚಿಸಬೇಕು ಅಮ್ಮಾ ಎಂದಳಂತೆ.

ಊಟ ಮುಗಿಸಿ ಹಾಕೋಣ ಎಂದರು ಮಾವ. ನಾನು ಊಟ ಮಾಡಿ, ತೊಟ್ಟಿಲು ತೂಗುತ್ತಾ ತೂಗುತ್ತಾ ಮಗುವಿಗಿಂತ ಮೊದಲು ನಿದ್ದೆ ಹೋದೆ. ಎದ್ದು ಮುಂಗೋಣೆಗೆ ಬಂದರೆ ಕಿಟಕಿಯ ಕಟ್ಟೆಯ ಮೇಲೆ, ಒಣಗಲು ಇಟ್ಟ ಸುರುಳಿಗಳ ಸಾಲಿನಲ್ಲಿ, ಹಳೆಯ ಪತ್ರಿಕೆಯ ತುಂಡಿನ ಮೇಲೆ ಮೆಮೊರಿ ಕಡ್ಡಿಯೂ ಬಿಸಿಲು ಕಾಯಿಸಿಕೊಳ್ಳುತ್ತಿತ್ತು.

"ಅದ್ಯಾಕೆ ಮಾವ ಅಲ್ಲಿ?"

"ಒಣಗ್ಲಿ ಅಂತ."

ಜೇಬಿನ ಬೆವರು ತಾಗಿರಬೇಕು ಎಂದುಕೊಂಡು ಸುಮ್ಮನಾದೆ.

ಸಂಜೆ ಎಲ್ಲರೂ ಅಕ್ಕನ ಕೋಣೆಯಲ್ಲಿ ಸೇರಿದೆವು. ಮಾವ ಕಡ್ಡಿಯನ್ನು ಕೂರಿಸಿದರು. ಟಕ್. ಗುಂಡಿ ಒತ್ತಿದರು. ಗರ‍್ರ್. ಹಸಿರು ದೀಪ. "ನೋ ಸಿಗ್ನಲ್." ಕತ್ತಲು.

ಮಾವ ಇನ್ನೊಮ್ಮೆ ಒತ್ತಿದರು, ಮತ್ತೊಮ್ಮೆ ಒತ್ತಿದರು. ನಾನು ಅಂಗಡಿಯಲ್ಲಿ ಕಣ್ಣಾರೆ ಕಂಡಿದ್ದ ಬಿಳಿ ಅಕ್ಷರಗಳು ನಿಜವಾಗಿಯೂ ಬಂದಿದ್ದವೋ, ಇಲ್ಲ ನಾವಿಬ್ಬರೂ ಕನಸು ಕಂಡೆವೋ ಎಂದು ಅನುಮಾನವಾಯಿತು.

"ಅಂಗಡೀಲಿ ಬರುತ್ತೆ, ಮನೇಲಿ ಬರಲ್ಲ" ಎಂದರು ಅತ್ತೆ. "ನಿಮ್ಮ ನಗು ಥರಾನೇ ಆಯ್ತಲ್ಲ."

ಅಂಗಡಿಯವನಿಗೆ ಫೋನು ಹೋಯಿತು. ಅವನೂ ತಬ್ಬಿಬ್ಬಾದ. "ನಿಮ್ಮ ಮುಂದೇನೇ ಬಂತಲ್ಲ ಸಾರ್! ಅಂದ್ರೆ ನಿಮ್ಮ ಮನೆ ಕರೆಂಟಲ್ಲೇ ಏನೋ ದೋಷ. ಯಾರಾದ್ರೂ ಒಬ್ಬ ಒಳ್ಳೆ ವೈರಿಂಗ್ ಗೊತ್ತಿರೋರನ್ನ ಕರೆಸಿ ತೋರಿಸಿ."

ಮಾವ ಫೋನನ್ನು ಕಿವಿಯಿಂದ ತೆಗೆದು, ಅದರ ಮುಖವನ್ನೊಮ್ಮೆ ನೋಡಿ, ಮೇಜಿನ ಮೇಲಿಟ್ಟರು. ಜೀವಮಾನವಿಡೀ ಕರೆಂಟಿನ ಜೊತೆ ಬಾಳಿದವರಿಗೆ ಹೇಳುವ ಮಾತೇ ಅದು? ರಾತ್ರಿ ಅವರು ಊಟಕ್ಕೆ ಕೂತಾಗಲೂ ಒಮ್ಮೊಮ್ಮೆ ತಲೆ ಎತ್ತಿ ಗೋಡೆಯ ಸ್ವಿಚ್ಚುಗಳನ್ನು ದಿಟ್ಟಿಸುತ್ತಿದ್ದರು; ಸಾಕಿದ ನಾಯಿ ತನ್ನನ್ನೇ ಕಚ್ಚಿತೋ ಎಂಬಂತೆ.

ಭಾನುವಾರ ಅಂಗಡಿಗೆ ರಜೆ. ಬೆಳಿಗ್ಗೆ ಎದ್ದವರೇ ಮಾವ ಮನೆಯ ವೈರಿಂಗ್ ಪರೀಕ್ಷೆಗೆ ಇಳಿದರು. ಪ್ರತಿ ಪ್ಲಗ್ಗಿಗೂ ಪರೀಕ್ಷೆಯ ಬಲ್ಬು ಹಿಡಿದರು. ಹಿತ್ತಲಿನಲ್ಲಿ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಗುಂಡಿಗೆ, ಅತ್ತೆ ಕೊಡಪಾನದಲ್ಲಿ ಹೊತ್ತು ತಂದ ನೀರು ಸುರಿದರು. ಪೆಟ್ಟಿಗೆಯನ್ನು ಅಡುಗೆಮನೆಗೆ ಒಯ್ದು ಮಿಕ್ಸಿಯ ಪ್ಲಗ್ಗಿಗೆ ಸಿಕ್ಕಿಸಿದರು. ಮಿಕ್ಸಿ ತಿರುಗುವ ಕಡೆ ಕಂಪ್ಯೂಟರು ಏಕೆ ಕಣ್ಣು ಬಿಡುವುದಿಲ್ಲ? ಬಿಡಲಿಲ್ಲ. ಮೇಜು ಕಬ್ಬಿಣದ್ದು, ಅದರಿಂದಿರಬಹುದು ಎಂದು ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟರು. ಕೊನೆಗೆ ಪಕ್ಕದ ಮನೆಗೆ ಹೊತ್ತುಕೊಂಡು ಹೋಗಿ ಅವರ ಕರೆಂಟಿಗೆ ಸಿಕ್ಕಿಸಿದೆವು. ಅಲ್ಲೂ ಕತ್ತಲು. ವಾಪಸ್ ತಂದು ಮತ್ತೆ ಮಣೆಯ ಮೇಲಿಟ್ಟೆವು.

"ಹಾಗಾದ್ರೆ ಅವರ ಮನೆ ಕರೆಂಟೂ ಕೆಟ್ಟಿದ್ಯಾ?" ಎಂದರು ಅತ್ತೆ. "ಇಡೀ ಬೀದಿ ಕರೆಂಟು ಕೆಟ್ಟಿದ್ರೆ ಇಷ್ಟು ವರ್ಷ ನೀವು ಸುತ್ತಿದ ಮೋಟರೆಲ್ಲಾ ಏನ್ ಮಂತ್ರದಲ್ಲಿ ತಿರುಗ್ತಿದ್ವಾ?"

"ಸ್ವಲ್ಪ ಸುಮ್ನಿರ್ತೀಯಾ?"

"ನಾನು ಸುಮ್ನಿದ್ರೆ ಅದು ಮಾತಾಡುತ್ತಾ?"

ನನಗೂ ಏನಾದರೂ ಹೇಳಬೇಕೆನಿಸಿತು. ಇಷ್ಟು ದೂರ ಬಂದು ಸುಮ್ಮನೆ ನಿಂತರೆ ಡಿಗ್ರಿಗೆ ಅವಮಾನ. "ಕೆಲವು ಸಸಿ ಜಾಗ ಬದಲಾದ್ರೆ ಬಾಡುತ್ತೆ ಮಾವ. ಎರಡು ದಿನ ಬಿಟ್ರೆ ತಾನೇ ಚಿಗುರುತ್ತೆ" ಎಂದೆ. ಮಾವ ನನ್ನನ್ನು ಗಂಭೀರವಾಗಿ ನೋಡಿ, "ಎರಡು ದಿನ ಇಲ್ಲಮ್ಮ" ಎಂದರು. ಅವರು ಅದನ್ನು ನಿಜವಾಗಿಯೂ ಯೋಚಿಸಿದ್ದರು ಎನ್ನುವುದೇ ನನಗೆ ಹೆಚ್ಚು ನೋವು ತಂದಿತು.

ಭಾವನ ಫೋನು ಬಂತು. ಅಕ್ಕ ಕೋಣೆಯ ಮೂಲೆಯಲ್ಲಿ ನಿಂತು ಮಾತಾಡಿದಳು. "ಇಲ್ಲ, ಇನ್ನೂ ಇಲ್ಲ... ಅಪ್ಪ ಮಾಡ್ತಿದ್ದಾರೆ... ಹಾಗೆಲ್ಲಾ ಹೇಳ್ಬೇಡಿ, ಅವರು ಇಲ್ಲೇ ಇದ್ದಾರೆ." ಫೋನು ಇಟ್ಟ ಮೇಲೆ ಅವಳು ಮೇಜಿನ ಮೇಲಿದ್ದ ಪೆನ್ಸಿಲುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು. ಅಕ್ಕ ಕೋಪ ಬಂದಾಗ ಕೂಗುವವಳಲ್ಲ. ಎಲ್ಲವನ್ನೂ ಓರಣ ಮಾಡುತ್ತಾಳೆ.

"ಸಂಜೆಯೊಳಗೆ ಸಾರ್‌ಗೆ ಹೇಳಿಬಿಡ್ತೀನಿ" ಎಂದಳು, ಯಾರ ಕಡೆಗೂ ನೋಡದೆ. "ನಾಳೆ ಬೆಳಿಗ್ಗೆ ಹೇಳಿದ್ರೆ ಅವರಿಗೂ ಕಷ್ಟ. ಬೇರೆಯವರನ್ನ ನೋಡ್ಕೊಳ್ಳಲಿ."

"ನಾಳೆ ಅಂಗಡಿ ತೆಗೀತಾನೆ" ಎಂದರು ಮಾವ.

"ಅಂಗಡೀಲಿ ಬರುತ್ತೆ ಅಪ್ಪಾ. ನಾನು ಅಂಗಡೀಲಿ ಕೂತು ಬರೀಲಾ, ಮಗೂನ ಕೌಂಟರ್ ಮೇಲೆ ಮಲಗಿಸ್ಕೊಂಡು?"

ಮಾವ ಮಣೆಯ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟರು. ತಿರುಪುಳಿ ಅವರ ಬೆರಳುಗಳ ನಡುವೆ ಸುಮ್ಮನೆ ತಿರುಗುತ್ತಿತ್ತು. "ನಾನು ಕೂಡಿಸ್ತೀನಿ ಅನ್ನಬಾರದಿತ್ತು" ಎಂದರು. "ನೀನು ಅಂದ ದಿನಾನೇ ತಂದುಬಿಟ್ಟಿದ್ರೆ ಇಷ್ಟೊತ್ತಿಗೆ ಎರಡು ಮನೆ ಬರೆದಿರ್ತಿದ್ದೆ." ಆಮೇಲೆ, ತಮಗೆ ತಾವೇ ಎಂಬಂತೆ, "ಎಲ್ಲಾ ಸರಿಯಾಗಿದೆ. ಒಂದು ತಿರುಪು ಸಡಿಲ ಇಲ್ಲ. ಒಂದು ತಂತಿ ಬಯಲಲ್ಲಿಲ್ಲ. ಮತ್ಯಾಕೆ?" ಎಂದರು.

ಅದೇ ಹೊತ್ತಿಗೆ ಮಗು ಎದ್ದು ರಾಗ ತೆಗೆಯಿತು. ಅಕ್ಕ ಮಗುವನ್ನು ಎತ್ತಿ ತಂದು ಅಪ್ಪನ ಮಡಿಲಿಗೆ ಹಾಕಿ, ಅವರ ಕೈಯಿಂದ ತಿರುಪುಳಿ ತೆಗೆದುಕೊಂಡಳು.

"ನೀನು ಇವಳನ್ನ ನೋಡ್ಕೋ. ನಾನೇ ಒಂದ್ಸಲ ಬಿಚ್ಚಿ ನೋಡ್ತೀನಿ. ಹೆಚ್ಚಿಗೆ ಇನ್ನೇನು ಕೆಡುತ್ತೆ?"

ಮೊದಲು ಕಿತ್ತದ್ದು ಮೆಮೊರಿ ಕಡ್ಡಿಯನ್ನು, ಅದೇ ಸುಲಭಕ್ಕೆ ಬರುವಂಥದ್ದು. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೂದಲೆಳೆಯಷ್ಟು ಗೆರೆ ದಪ್ಪವಾದರೂ ಗುರುತಿಸುವ ಕಣ್ಣು ಅವಳದು. ಕಡ್ಡಿಯನ್ನು ಆ ಕಡೆ ಈ ಕಡೆ ಓಲಿಸಿದಳು. ಹುಬ್ಬು ಗಂಟಿಕ್ಕಿತು. ಹೆಬ್ಬೆರಳಿನಿಂದ ಆ ಬಂಗಾರದ ಹಲ್ಲುಗಳನ್ನು ಒತ್ತಿ, ಬೆರಳನ್ನು ಎತ್ತಿದಳು. ಕಡ್ಡಿಯೂ ಬೆರಳಿನ ಜೊತೆ ಒಂದಿಷ್ಟು ಮೇಲೆ ಬಂದು, ಮತ್ತೆ ಬಿಟ್ಟುಕೊಂಡಿತು.

"ಇದು ಅಂಟ್ತಿದೆ" ಎಂದಳು.

ನಾನೂ ಹತ್ತಿರ ಹೋದೆ. ಹಲ್ಲುಗಳ ಮೇಲೆ ಅವಳ ಹೆಬ್ಬೆರಳಿನ ಸುಳಿ ಅಚ್ಚೊತ್ತಿದಂತೆ ಮೂಡಿತ್ತು. ಲೋಹದ ಮೇಲೆ ಬೆರಳಚ್ಚು ಅಷ್ಟು ಆಳಕ್ಕೆ ಹೇಗೆ ಮೂಡುತ್ತದೆ?

"ಅಪ್ಪಾ, ಇದಕ್ಕೇನಾದ್ರೂ ಹಚ್ಚಿದ್ಯಾ?"

"ಹೂಂ" ಎಂದರು ಮಾವ, ಮಗುವಿನ ಬೆನ್ನು ತಟ್ಟುತ್ತಾ.

"ಏನು?"

"ಏನು ಅಂದ್ರೆ? ವಾರ್ನಿಷ್. ಹಚ್ಚದೆ ಬಿಡ್ತಾರಾ?"

ಮಾವ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಉಸಿರಾಡಿದೆಯಾ ಎಂದು ಕೇಳಿದರೆ ಹೌದು ಎಂದವರಿಗೆ, ಅದರಲ್ಲೇನು ವಿಶೇಷ ಎಂದು ತಿಳಿಯದೆ ಕಕ್ಕಾಬಿಕ್ಕಿಯಾದ ಹಾಗಿತ್ತು ಅವರ ಮುಖ.

"ಅಷ್ಟು ಹಲ್ಲು ಬತ್ತಲೆ ಬಿಟ್ಟಿದ್ದಾರೆ" ಎಂದರು. "ಒಂದರ ಪಕ್ಕ ಒಂದು. ಕೂದಲು ತೂರೋ ಜಾಗ ಇಲ್ಲ ಮಧ್ಯೆ. ಕಂಪನಿಯವರು ಕೊನೇ ಕೆಲಸ ಮರ್ತಿದ್ದಾರೆ ಅಂದ್ಕೊಂಡೆ. ಮಗು ಇರೋ ಮನೆ ಬೇರೆ."

"ಮೊದಲ್ನೇ ಕಡ್ಡಿಗೂ ಹಚ್ಚಿದ್ರಾ ಮಾವ?" ಎಂದೆ.

"ಅದಕ್ಕೆ ಒಂದೇ ಕೋಟು. ಅದು ಸತ್ತೋಯ್ತು ಅಂದನಲ್ಲ, ಕೋಟು ಸಾಲದೆ ಸತ್ತಿರಬೇಕು ಅಂತ ಇದಕ್ಕೆ ಎರಡು ಹಚ್ಚಿದೆ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದರು. ಮೊದಲು ಹೆಗಲು ಕುಲುಕಿತು, ಆಮೇಲೆ ನಗು ಹೊರಬಂತು. "ಬೇಲಿನೇ ಎದ್ದು ಹೊಲ ಮೇಯ್ತಲ್ಲಪ್ಪಾ! ಅರ್ತಿಂಗ್ ಗುಂಡಿಗೆ ನೀರು ಹೊತ್ತು ಹೊತ್ತು ನನ್ನ ಸೊಂಟ ಬಿದ್ದೋಯ್ತು!"

ಅಕ್ಕ ನಗಲಿಲ್ಲ. ಅಪ್ಪನ ಎದುರು ಮಂಡಿಯೂರಿ ಕೂತಳು. "ಅಪ್ಪಾ, ಅವರು ಮರ್ತಿದ್ದಲ್ಲ. ಈ ಹಲ್ಲು ಒಳಗಿನ ಹಲ್ಲಿಗೆ ತಾಗಬೇಕು. ತಾಗಿದ್ರೇ ಒಂದರ ಮಾತು ಇನ್ನೊಂದಕ್ಕೆ ಕೇಳೋದು."

"ತಾಗಿದ್ರೆ ಸುಡುತ್ತೆ."

"ಮೋಟರಲ್ಲಿ ಸುಡುತ್ತೆ. ಇದರಲ್ಲಿ ತಾಗದಿದ್ರೆ ಕೆಲಸಾನೇ ಇಲ್ಲ."

"ಬತ್ತಲೆ ಲೋಹ ಬತ್ತಲೆ ಲೋಹಕ್ಕೆ?"

"ಹೌದು."

ಮಾವ ಮಗಳ ಕೈಯಲ್ಲಿದ್ದ ಕಡ್ಡಿಯನ್ನು ಬಗ್ಗಿ ನೋಡಿದರು. ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು, ಮುಂಗೋಣೆಗೆ ಹೋಗಿ ಥಿನ್ನರ್ ಬಾಟಲಿಯನ್ನೂ ಒಗೆದ ಹತ್ತಿಬಟ್ಟೆಯ ಚೂರನ್ನೂ ತಂದರು. ವಾರ್ನಿಷ್ ಹಚ್ಚಿದ ಕೈಗೆ ಅದನ್ನು ತೆಗೆಯುವುದೂ ಗೊತ್ತಿತ್ತು. ಬಟ್ಟೆಯ ತುದಿಯನ್ನಷ್ಟೇ ಅದ್ದಿ, ಹಲ್ಲು ಬಿಟ್ಟು ಬೇರೆಲ್ಲೂ ತಾಗದಂತೆ ಒರೆಸಿದರು. ಬಟ್ಟೆ ಜೇನಿನ ಬಣ್ಣಕ್ಕೆ ತಿರುಗಿತು. ಅಕ್ಕ ಪೆನ್ಸಿಲು ಡಬ್ಬಿಯನ್ನು ಮತ್ತೆ ತೆರೆದು ತನ್ನ ರಬ್ಬರನ್ನು ತೆಗೆದು, ತಪ್ಪು ಗೆರೆ ಅಳಿಸುವ ಹಾಗೆ ಹಲ್ಲುಗಳ ಮೇಲೆ ಮೆಲ್ಲಗೆ ಉಜ್ಜಿದಳು. ಚೂರುಗಳನ್ನು ಊದಿದಳು. ಕಡ್ಡಿಯನ್ನು ಅಪ್ಪನ ಕೈಗೇ ಕೊಟ್ಟಳು.

"ನೀನೇ ಹಾಕು."

ಟಕ್.

ಗುಂಡಿ ಒತ್ತುವ ಮೊದಲು ಮಾವ ಕಣ್ಣು ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಹಾಗಾಗಿ ಪರದೆ ಬೆಳಗಿದ್ದು ಎಲ್ಲರಿಗಿಂತ ಕೊನೆಗೆ ಕಂಡದ್ದು ಅವರಿಗೆ. ಅತ್ತೆ ಚಪ್ಪಾಳೆ ತಟ್ಟಿದರು, ಮಗು ಬೆಚ್ಚಿಬಿದ್ದು ಅತ್ತಿತು, ಅಕ್ಕ ಅಪ್ಪನ ಹೆಗಲಿಗೆ ಹಣೆ ಒತ್ತಿದಳು. ಮಾವ ಮಾತ್ರ ಗೆದ್ದವರಂತೆ ಕಾಣಲಿಲ್ಲ. "ಬತ್ತಲೆಗೆ ಬತ್ತಲೆ" ಎಂದು ಗೊಣಗುತ್ತಾ ಕೈ ತೊಳೆಯಲು ಹೋದರು.

ಸೋಮವಾರ ಬೆಳಿಗ್ಗೆ ನನ್ನನ್ನು ಬಸ್ಸಿಗೆ ಬಿಡುವ ನೆಪದಲ್ಲಿ ಮಾವ ಸ್ಕೂಟರನ್ನು ನೇರ ಆ ಅಂಗಡಿಗೆ ಓಡಿಸಿದರು. ಜೇಬಿನಲ್ಲಿ ಥಿನ್ನರಿನ ಸಣ್ಣ ಸೀಸೆ.

"ಆ ಸತ್ತ ಕಡ್ಡಿ ಕೊಡಿ ಇಲ್ಲಿ" ಎಂದರು.

"ಇವತ್ತು ಕಂಪನಿಗೆ ಹೋಗ್ತಿದೆ ಯಜಮಾನ್ರೇ. ಹೊಸದು ಕೊಡ್ತಾರೆ, ನೀವ್ಯಾಕೆ ತಲೆ ಕೆಡಿಸ್ಕೋತೀರಿ?"

"ಅದು ಸತ್ತಿಲ್ಲ. ನಾನು ಅದರ ಬಾಯಿಗೆ ಬಟ್ಟೆ ತುರುಕಿದ್ದೆ. ಬದುಕಿರೋದನ್ನ ಸತ್ತಿದೆ ಅಂತ ಹೇಗ್ರೀ ಕಳಿಸ್ತೀರಾ?"

ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಅಂಗಡಿಯವನು ಮೊದಲು ಬಾಯಿ ತೆರೆದು ಕೇಳಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ, ಕೊನೆಗೆ ಮಾವ ಒರೆಸಿಕೊಟ್ಟ ಕಡ್ಡಿಯನ್ನು ಹಾಕಿ ನೋಡಿದ. ಪರದೆ ಬೆಳಗಿತು. ಅವನು ನಗು ನಿಲ್ಲಿಸಿ, ಪಕ್ಕದಲ್ಲಿ ನರಳುತ್ತಿದ್ದ ನಿಲುಫ್ಯಾನಿನ ಕಡೆ ಕೈ ತೋರಿಸಿದ.

"ಯಜಮಾನ್ರೇ, ನಿಮ್ಮ ವಾರ್ನಿಷ್ ಇನ್ನೂ ಉಳಿದಿದ್ರೆ ಇದಕ್ಕೆ ಸ್ವಲ್ಪ ಹಚ್ಚಿಕೊಡ್ತೀರಾ?"

ಮಾವ ಫ್ಯಾನಿನ ಬೆನ್ನಿಗೆ ಕಿವಿಯಿಟ್ಟು ಕೇಳಿ, "ಸಂಜೆ ತಗೊಂಡು ಬನ್ನಿ" ಎಂದರು. ಶನಿವಾರದ ನಂತರ ಮೊದಲ ಬಾರಿಗೆ ಅವರ ದನಿ ತನ್ನ ಜಾಗಕ್ಕೆ ಬಂದಿತ್ತು.

ಕೆಲಸ ಮುಗಿಸಿ ನಾನು ಮತ್ತೆ ಮಾವನ ಮನೆಗೆ ಹೋದೆ. ಬಟ್ಟೆಯ ಚೀಲ ಅಲ್ಲೇ ಉಳಿದಿತ್ತು. ಮಗು ಮಲಗಿತ್ತು. ಅಕ್ಕ ಪರದೆಯ ಮುಂದೆ ಕೂತು ಮನೆಯೊಂದನ್ನು ಬರೆಯುತ್ತಿದ್ದಳು. ಮಾವ ಅವಳ ಹಿಂದೆ ನಿಂತಿದ್ದರು. ಮಗಳು ಇಷ್ಟು ವರ್ಷ ಬರೆದರೂ ಅವಳು ಬರೆಯುವುದನ್ನು ಅವರು ಕಣ್ಣಾರೆ ನೋಡಿರಲಿಲ್ಲ. ಗೋಡೆಗಳು ಎದ್ದವು, ಬಾಗಿಲುಗಳು ತೆರೆದುಕೊಂಡವು, ಅಡುಗೆಮನೆಯಲ್ಲಿ ಕಟ್ಟೆ ಬಂತು.

"ಇದಕ್ಕೆ ಸೂರೆಲ್ಲಿ?" ಎಂದರು ಮಾವ.

"ನಕ್ಷೇಲಿ ಹೀಗೇ ಅಪ್ಪಾ. ಮೇಲಿಂದ ನೋಡಿದ ಹಾಗೆ. ಮುಚ್ಚಿಬಿಟ್ರೆ ಒಳಗೆ ಏನಿದೆ ಅಂತ ಕಾಣೋದು ಹೇಗೆ?"

"ಇಷ್ಟು ದಿನಾನೂ ಹೀಗೇ ಬಯಲು ಮನೆ ಬರೀತಿದ್ಯಾ?"

"ಹೂಂ. ಸೂರಿನದು ಬೇರೆ ಹಾಳೆ ಇರುತ್ತೆ. ನಾಳೆ ಬರೀತೀನಿ."

ಮಾವ ತಲೆ ಆಡಿಸಿದರು. ಅರ್ಥವಾಯಿತೋ ಇಲ್ಲವೋ ಹೇಳಲಾರೆ. "ಮರೀಬೇಡ ಮತ್ತೆ. ಮಳೆ ಬಂದ್ರೆ ಒಳಗಿರೋರು ಏನು ಮಾಡ್ತಾರೆ?" ಎಂದು ಹೇಳಿ ಮುಂಗೋಣೆಗೆ ನಡೆದರು.

ಸ್ವಲ್ಪ ಹೊತ್ತಿಗೆ ಅಲ್ಲಿಂದ ಕರೆ ಬಂತು. ಹೋಗಿ ನೋಡಿದರೆ ಮಡಿಲಲ್ಲಿ ನೀರಿನ ಪಂಪಿನ ಸುರುಳಿ, ಒಂದು ಕೈಯಲ್ಲಿ ಕುಂಚ, ಕುಂಚದ ತುದಿಯಿಂದ ವಾರ್ನಿಷ್ ಡಬ್ಬಿಗೇ ತೊಟ್ಟಿಕ್ಕುತ್ತಿತ್ತು.

"ಡಿಗ್ರಿ, ಇದಕ್ಕೆ ಹಚ್ಚಬಹುದಲ್ವಾ?"

"ಹಚ್ಚಿ ಮಾವ. ಇದು ಮೋಟರು."

"ಅಲ್ವಾ?" ಎಂದರು ಮಾವ, ಇನ್ನೂ ಕುಂಚ ಇಳಿಸದೆ. "ಹಾಗಾದ್ರೆ ಅಕ್ಕನ್ನೂ ಒಂದು ಮಾತು ಕೇಳ್ಕೊಂಡು ಬಾ."